ಕೀಲಿಕೈ ಯಾರ ಕೈಯಲ್ಲಿ?

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿಗೆ ನಾನು ಶಿಕ್ಷಕಿಯಾಗಿ ಬಂದಾಗ ಹಾವೇರಿ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾದ ಜಿಲ್ಲೆ ಅದು. ಶಾಲೆಯ ಹಳೆಯ ಪುಸ್ತಕಗಳ ಮೇಲೆ ‘ಜಿ. ಧಾರವಾಡ’ ಎಂದೇ ಇತ್ತು. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಹಾವೇರಿ’ ಎಂದು ಬರೆಯುತ್ತಿದ್ದೆವು. ಸುತ್ತ ಎರೆಹೊಲ. ಹತ್ತಿ, ಗೋವಿನಜೋಳ, ಮೆಣಸಿನಕಾಯಿ, ಶೇಂಗಾ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಸಾಲು ಸಾಲು ಗೈರುಹಾಜರಿ. ಅದೇ ಮನೆಯ ಗಂಡುಹುಡುಗ ಮಾತ್ರ ತಪ್ಪದೆ ಬರುತ್ತಿದ್ದ.

ಆಗ ಶಾಲೆಗೆ ನಾಯಕನನ್ನು ಆರಿಸುವ ಕ್ರಮ ಸರಳವಾಗಿತ್ತು. ಜೂನ್‌ನಲ್ಲಿ ಮಾಸ್ತರು ತರಗತಿಗೆ ಬಂದು, ಎತ್ತರದ, ದೊಡ್ಡ ದನಿಯ ಒಬ್ಬ ಹುಡುಗನನ್ನು ಎಬ್ಬಿಸಿ ‘ನೀನು ಮಾನಿಟರ್’ ಎಂದರೆ ಆಯಿತು. ಹುಡುಗಿಯರಿಗೂ ಕೆಲಸಗಳಿದ್ದವು. ಕಸ ಗುಡಿಸುವುದು, ರಂಗೋಲಿ ಹಾಕುವುದು, ಪ್ರಾರ್ಥನೆ ಹೇಳುವುದು, ಹೊರಗಿನವರು ಬಂದಾಗ ಆರತಿ ಹಿಡಿದು ನಿಲ್ಲುವುದು. ಹಿರೇಕೆರೂರು ಕಡೆಯ ಹಳ್ಳಿಯಲ್ಲಿ ನಾನು ಓದುವಾಗಲೂ ಹೀಗೆಯೇ ಇತ್ತು. ಯಾರೂ ಅದನ್ನು ಅನ್ಯಾಯ ಎಂದುಕೊಂಡಿರಲಿಲ್ಲ.

ಒಂದು ದಿನ ಐದನೆಯ ತರಗತಿಗೆ ಗ್ರಾಮ ಪಂಚಾಯಿತಿಯ ಪಾಠ ಮಾಡುತ್ತಿದ್ದೆ. ‘ನಿಮ್ಮ ಓಣಿ ಮೆಂಬರ್ ಯಾರು?’ ಎಂದು ಕೇಳಿದೆ. ಸುತ್ತಲಿನ ಊರುಗಳಿಂದಲೂ ಬರುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಕೈ ಎತ್ತಿ ಹೇಳಿದರು. ಬಂದದ್ದೆಲ್ಲ ಗಂಡಸರ ಹೆಸರು. ಅವುಗಳಲ್ಲಿ ಕೆಲವು ಸ್ಥಾನಗಳು ಹೆಂಗಸರಿಗೆ ಮೀಸಲಾದವು ಎಂದು ನನಗೆ ಗೊತ್ತಿತ್ತು. ಇನ್ನೊಮ್ಮೆ ಕೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ನನಗೇ ತಿಳಿಯದ್ದನ್ನು ತಿಳಿಸಿಕೊಡುವ ಹಾಗೆ ಹೇಳಿದಳು: ‘ಅಕ್ಕೋರ, ಆರಿಸಿ ಬಂದಾಕಿ ನಮ್ಮ ದೊಡ್ಡವ್ವ. ಮೆಂಬರ್ ನಮ್ಮ ದೊಡ್ಡಪ್ಪ.’

ತರಗತಿಯಲ್ಲಿ ಯಾರೂ ನಗಲಿಲ್ಲ. ಅವಳು ಹೇಳಿದ್ದು ಎಲ್ಲರಿಗೂ ಸಹಜವಾಗಿಯೇ ಕಂಡಿತ್ತು. ಮನೆಯಲ್ಲಿ, ಓಣಿಯಲ್ಲಿ, ಪಂಚಾಯಿತಿ ಕಟ್ಟೆಯ ಮೇಲೆ ಕಂಡದ್ದನ್ನೇ ಅವಳು ಹೇಳಿದ್ದಳು. ರುಜು ದೊಡ್ಡವ್ವನದು, ಮಾತು ದೊಡ್ಡಪ್ಪನದು.

ಕಾಯ್ದೆಯ ಮಟ್ಟಿಗೆ ಕರ್ನಾಟಕ ಈ ವಿಷಯದಲ್ಲಿ ಮುಂದೆಯೇ ಇತ್ತು. 1983ರ ಕಾಯ್ದೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಿಟ್ಟಿತು; 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿ ದೇಶಕ್ಕೆಲ್ಲ ಜಾರಿಯಾದದ್ದು ಅದಾದ ಮೇಲೆ, 1993ರ ಏಪ್ರಿಲ್‌ನಲ್ಲಿ. ಅದೇ ವರ್ಷ ನಮ್ಮ ರಾಜ್ಯದ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂದು, ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಮತದಾನವಾಯಿತು. ಮೂರರಲ್ಲಿ ಒಂದು ಪಾಲು ಸ್ಥಾನ ಹೆಂಗಸರಿಗೆ. ಕಾಯ್ದೆ ಕುರ್ಚಿ ಹಾಕಿಕೊಟ್ಟಿತ್ತು. ಆ ಕುರ್ಚಿಯಲ್ಲಿ ಕೂತು ತನ್ನ ಮಾತು ನಡೆಸಬೇಕೆಂದು ಆ ದೊಡ್ಡವ್ವನಿಗೆ ಚಿಕ್ಕಂದಿನಲ್ಲಿ ಯಾರು ಕಲಿಸಿದ್ದರು? ಆಕೆ ಓದಿದ ಶಾಲೆಯಲ್ಲಿ, ಓದಿದ್ದರೆ, ಆಕೆಯ ಕೈಗೆ ಬಂದದ್ದು ಆರತಿ ತಟ್ಟೆ. ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮಕ್ಕಳೇ ತಮ್ಮ ನಾಯಕರನ್ನು ಆರಿಸುವ ಶಾಲಾ ಸಂಸತ್ತನ್ನು ಬೇರೆ ಕಡೆಯ ಶಾಲೆಗಳಲ್ಲಿ ನಡೆಸುತ್ತಿದ್ದುದನ್ನು ಕೇಳಿದ್ದೆ. ಮುಂದಿನ ಜೂನ್‌ನಲ್ಲಿ ಹಿರಿಯ ಗುರುಗಳೊಂದಿಗೆ ಕೂತು ಮಾತಾಡಿದೆ. ನಡೆಸುವುದಾದರೆ ಆಟಕ್ಕೆಂದು ಬೇಡ, ನಿಜವಾದ ಚುನಾವಣೆಯ ಹಾಗೆಯೇ ನಡೆಸೋಣ ಎಂಬುದಕ್ಕೆ ಎಲ್ಲರೂ ಒಪ್ಪಿದರು. ಅಧಿಸೂಚನೆ, ನಾಮಪತ್ರ, ಸೂಚಕರ ರುಜು, ಪರಿಶೀಲನೆ, ವಾಪಸು ತೆಗೆದುಕೊಳ್ಳಲು ಒಂದು ದಿನ, ಚಿಹ್ನೆ ಹಂಚಿಕೆ, ಪ್ರಚಾರ, ಮತದಾನ, ಎಣಿಕೆ. ಒಂದನೆಯ ತರಗತಿಯ ಮಕ್ಕಳಿಗೂ ಮತ.

ಮೊದಲ ಕೆಲಸ ಮತದಾರರ ಪಟ್ಟಿ. ಅದನ್ನು ಮಕ್ಕಳಿಂದಲೇ ಮಾಡಿಸಿದೆ. ಪ್ರತಿಯೊಬ್ಬರೂ ಮೇಜಿನ ಮುಂದೆ ಬಂದು ತಮ್ಮ ಪೂರ್ಣ ಹೆಸರು ಹೇಳಬೇಕು. ಹುಡುಗರು ಕೂಗಿ ಹೇಳಿದರು. ಹುಡುಗಿಯರಲ್ಲಿ ಹಲವರು ತಲೆ ತಗ್ಗಿಸಿ, ಸೆರಗಿಲ್ಲದ ಕಡೆ ಸೆರಗು ಹುಡುಕುವಂತೆ ಲಂಗದ ಅಂಚು ಹಿಡಿದು, ಪಕ್ಕದವಳಿಂದ ಹೇಳಿಸಿದರು. ಪುಟ್ಟವಳೊಬ್ಬಳು ‘ನಾ ಅವನ ತಂಗಿ’ ಎಂದು ನಾಲ್ಕನೆಯ ತರಗತಿಯ ಅಣ್ಣನ ಕಡೆ ಬೆರಳು ತೋರಿಸಿದಳು.

ಆಗ ಅವರಿಗೆ ದೇಶದ ಮೊದಲ ಸಾರ್ವತ್ರಿಕ ಚುನಾವಣೆಯ ಕತೆ ಹೇಳಿದೆ. 1951-52ರಲ್ಲಿ ಅದನ್ನು ನಡೆಸಿದವರು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಪಟ್ಟಿ ಬರೆಯಲು ಮನೆಮನೆಗೆ ಹೋದವರಿಗೆ, ಅದರಲ್ಲೂ ಉತ್ತರದ ರಾಜ್ಯಗಳಲ್ಲಿ, ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಹಾಗೆ ಬರೆದದ್ದು ನಡೆಯದು, ಮತ ಆಕೆಯದು, ಹೆಸರೂ ಆಕೆಯದೇ ಇರಬೇಕು ಎಂದು ಆಯೋಗ ಪಟ್ಟು ಹಿಡಿಯಿತು. ಸರಿಯಾದ ಹೆಸರು ಸಿಗದೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ‘ಇಪ್ಪತ್ತೆಂಟು ಲಕ್ಷ ಅಂದ್ರ ಎಷ್ಟ್ ಊರು ಅಕ್ಕೋರ?’ ಎಂದು ಮಕ್ಕಳು ಲೆಕ್ಕ ಹಾಕತೊಡಗಿದರು. ನಮ್ಮ ಸೀಮೆಯಲ್ಲೂ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಿಸುತ್ತಾರೆ. ಮದುವೆಯ ಹೊತ್ತಿಗೆ ಹುಡುಗಿಯ ಹೆಸರನ್ನೇ ಬದಲಿಸುವ ಮನೆಗಳೂ ಉಂಟು. ಅವಳದೇ ಹೆಸರನ್ನು ಅವಳ ಬಾಯಿಂದ ಹೇಳಿಸುವ ಸಂದರ್ಭಗಳು ಕಡಿಮೆ. ಅಂದಿನಿಂದ ಪಟ್ಟಿ ಮಾಡುವ ದಿನ ನಮ್ಮಲ್ಲಿ ಒಂದು ನಿಯಮ ಬಂತು: ಅಂಗಳದ ಕೊನೆಯಲ್ಲಿ ನಿಂತವರಿಗೆ ಕೇಳುವಂತೆ ಹೆಸರು ಹೇಳಿದರೆ ಮಾತ್ರ ದಾಖಲು.

ಚಿಹ್ನೆಗಳನ್ನು ಮಕ್ಕಳೇ ಆರಿಸಿದರು. ಕೊಡ, ಕುಂಟಿ, ಹತ್ತಿ ಹೂವು, ಬುಗುರಿ. ಅಕ್ಷರ ಇನ್ನೂ ಕಲಿಯದ ಒಂದನೆಯ ತರಗತಿಯವರಿಗೆ ಚಿಹ್ನೆ ಯಾಕೆ ಬೇಕೆಂದು ವಿವರಿಸಬೇಕಾಗಲೇ ಇಲ್ಲ. 1951ರಲ್ಲಿ ದೇಶದ ನೂರು ಜನರಲ್ಲಿ ಓದು ಬಲ್ಲವರು ಸುಮಾರು 18; ಹೆಂಗಸರಲ್ಲಿ ನೂರಕ್ಕೆ 9 ಜನರೂ ಇರಲಿಲ್ಲ. ಅವರೆಲ್ಲರ ಕೈಗೆ ಮತವನ್ನು ಕೊಟ್ಟದ್ದು ಈ ಚಿತ್ರಗಳೇ ಎಂದಾಗ ದೊಡ್ಡ ತರಗತಿಯ ಮಕ್ಕಳಿಗೆ ಅಜ್ಜಿ ಹೇಗೆ ಮತ ಹಾಕುತ್ತಾಳೆಂಬುದು ಹೊಸದಾಗಿ ಅರ್ಥವಾಯಿತು. ಬೆರಳಿನ ಶಾಯಿಗೆ ನಮ್ಮಲ್ಲಿ ಸ್ಕೆಚ್ ಪೆನ್ನು. ಆದರೆ ನಿಜವಾದ ಶಾಯಿ ನಮ್ಮದೇ ಮೈಸೂರಿನಲ್ಲಿ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುತ್ತದೆ, 1962ರಿಂದ ದೇಶದ ಚುನಾವಣೆಗಳಿಗೆಲ್ಲ ಅಲ್ಲಿಂದಲೇ ಹೋಗುತ್ತದೆ, ಅದರಲ್ಲಿ ಬೆಳ್ಳಿಯ ಲವಣ ಇರುವುದರಿಂದ ಎಷ್ಟು ತಿಕ್ಕಿದರೂ ಹೋಗದು ಎಂದು ಹೇಳಿದಾಗ ಅವರ ಕಣ್ಣು ಅರಳಿದವು. ಬಡವನ ಬೆರಳಿಗೂ ಸಾಹುಕಾರನ ಬೆರಳಿಗೂ ಅದೇ ಶಾಯಿ, ಅಷ್ಟೇ ಗೆರೆ. ಸಮಾನತೆ ಎಂಬುದನ್ನು ಏಳು ವರ್ಷದ ಮಗುವಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಮತದಾನದ ದಿನ ಕರಿಹಲಗೆಯನ್ನು ಅಡ್ಡ ನಿಲ್ಲಿಸಿ ಅದರ ಹಿಂದೆ ಮೇಜು ಇಟ್ಟಿದ್ದೆವು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಚೀಟಿ ಹಿಡಿದು ನನ್ನ ಬಳಿ ಬಂದಳು. ‘ಅಣ್ಣ ಹೇಳಿದ್ದಕ್ಕ ಹಾಕಬೇಕೇನ್ರಿ?’

‘ಹಲಗಿ ಹಿಂದ ನೀ ಒಬ್ಬಾಕೇ ಇರ್ತಿ ತಂಗಿ. ಅಣ್ಣಗ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ. ನಿನಗ ಯಾರು ಬೇಕು ಅನಸ್ತೈತಿ, ಅವರಿಗೆ ಹಾಕು.’

ಅವಳು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಹೊರಗೆ ಬಂದಾಗ ಮುಖದಲ್ಲಿ ನಗೆಯಿತ್ತು. ಅಣ್ಣ ಕೇಳಿದ, ಅವಳು ಹೇಳಲಿಲ್ಲ. ನನ್ನ ತಾಯಿ ಮತ ಹಾಕಿ ಬಂದಾಗಲೆಲ್ಲ ‘ನಿಮ್ಮಪ್ಪ ಹೇಳಿದ್ದಕ್ಕ ಹಾಕಿದೆ’ ಎನ್ನುತ್ತಿದ್ದಳು. ಮತಗಟ್ಟೆಯ ಆ ಅಡ್ಡ ತಡಿಕೆಯ ಹಿಂದೆ ತನ್ನ ಜೊತೆ ಯಾರೂ ಇಲ್ಲ ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಗುಪ್ತ ಮತದಾನ ಎಂದು ನಾವು ಪರೀಕ್ಷೆಗೆ ಬರೆಸುತ್ತೇವೆ. ಹೆಣ್ಣುಮಗುವಿಗೆ ಅದು ಯಾರ ಅಪ್ಪಣೆಯೂ ತಲುಪದ ಒಂದು ಜಾಗ. ಅದನ್ನು ಅವಳು ಕಾಲಿಟ್ಟೇ ತಿಳಿಯಬೇಕು.

ಆ ಮೊದಲ ಚುನಾವಣೆಯಲ್ಲಿ ಗೆದ್ದವರೆಲ್ಲ ಹುಡುಗರು. ನಿಂತಿದ್ದ ಹುಡುಗಿಯರಿಗೆ ಹುಡುಗಿಯರ ಮತವೂ ಪೂರ್ತಿ ಬೀಳಲಿಲ್ಲ. ಯಾಕೆಂದು ಕೇಳಿದಾಗ, ‘ಹುಡುಗರ ಮಾತ ಎಲ್ಲಾರೂ ಕೇಳ್ತಾರ್ರಿ, ನಮ್ಮ ಮಾತ ಯಾರ್ ಕೇಳ್ತಾರ?’ ಎಂದರು. ಮಾತು ನಡೆಯುವವರಿಗೆ ಮತ ಹಾಕುವುದು ಬುದ್ಧಿವಂತಿಕೆಯೇ. ಹುಡುಗಿಯ ಮಾತು ನಡೆದದ್ದನ್ನು ಅವರು ಕಂಡೇ ಇರಲಿಲ್ಲ, ಅಷ್ಟೇ.

ಹಾಗಾಗಿ ಶಾಲಾ ಸಂಸತ್ತಿನ ಮುಖ್ಯಮಂತ್ರಿ ಸ್ಥಾನವನ್ನು ಸರದಿಯ ಮೇಲೆ ಹುಡುಗಿಯರಿಗೆ ಮೀಸಲಿಡುವ ಮಾತು ಬಂತು. ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತ. ‘ಇದು ನ್ಯಾಯ ಅಲ್ರಿ. ನಿಲ್ಲಬ್ಯಾಡ ಅಂತ ಅವ್ರಿಗೆ ಯಾರು ಅಂದಾರ?’ ಒಳ್ಳೆಯ ಪ್ರಶ್ನೆ. ದೊಡ್ಡವರು ಇಂದಿಗೂ ಕೇಳುವ ಪ್ರಶ್ನೆ. ನಾನು ಉತ್ತರ ಹೇಳಲಿಲ್ಲ. ಹಲಗೆಯ ನಡುವೆ ಗೆರೆ ಎಳೆದು, ಬೆಳಿಗ್ಗೆ ಎದ್ದಾಗಿನಿಂದ ಶಾಲೆಯ ಗಂಟೆಯವರೆಗೆ ಏನೇನು ಮಾಡುತ್ತೀರಿ ಹೇಳಿ ಎಂದೆ. ಹುಡುಗರ ಕಡೆ: ದನ ಬಿಡುವುದು, ಹಾಲು ಕೊಟ್ಟು ಬರುವುದು, ಆಟ. ಹುಡುಗಿಯರ ಕಡೆ: ಅಂಗಳ ಸಾರಿಸುವುದು, ನೀರು ತರುವುದು, ಮುಸುರೆ ತಿಕ್ಕುವುದು, ತಮ್ಮನನ್ನು ಎತ್ತಿಕೊಳ್ಳುವುದು, ರೊಟ್ಟಿ ಬಡಿಯಲು ಅವ್ವನ ಜೊತೆ ಕೂರುವುದು, ಹೊಲಕ್ಕೆ ಬುತ್ತಿ ಕಟ್ಟುವುದು. ಹಲಗೆಯ ಆ ಬದಿ ಕೆಳಗಿನವರೆಗೂ ತುಂಬಿ, ಸೀಮೆಸುಣ್ಣ ಗೋಡೆಗೆ ಇಳಿಯಬೇಕಾಯಿತು. ಪ್ರಶ್ನೆ ಕೇಳಿದ ಹುಡುಗ ಸುಮ್ಮನೆ ಓದಿದ. ಆಮೇಲೆ ಅವನೇ ಹೇಳಿದ: ‘ಇವ್ರು ಪ್ರಚಾರ ಯಾವಾಗ ಮಾಡಬೇಕ್ರಿ?’ ಮೀಸಲಾತಿ ಯಾಕೆ ಎಂಬುದಕ್ಕೆ ಆ ಹುಡುಗ ಹೇಳಿದ್ದಕ್ಕಿಂತ ಚೊಕ್ಕ ಉತ್ತರವನ್ನು ನಾನು ಯಾವ ಭಾಷಣದಲ್ಲೂ ಕೇಳಿಲ್ಲ.

ಹೀಗೆ ಮುಖ್ಯಮಂತ್ರಿಯಾದ ಹುಡುಗಿಯರಲ್ಲಿ ಒಬ್ಬಳು ನನ್ನ ಮನಸ್ಸಿನಲ್ಲಿ ಉಳಿದಿದ್ದಾಳೆ. ಕೂಲಿ ಮನೆಯವಳು. ತೆಳ್ಳಗಿನ ದನಿ. ಶಾಲೆಗಳಲ್ಲಿ ಬಿಸಿಯೂಟ ಶುರುವಾಗಿದ್ದ ಕಾಲ ಅದು, 2003ರ ಆಚೀಚೆ. ಗೆದ್ದ ಮೇಲೆ ಮೊದಲ ಮಂತ್ರಿಮಂಡಲದ ಸಭೆಯಲ್ಲಿ ಅವಳು ಎತ್ತಿದ ವಿಷಯ ಹುಡುಗಿಯರ ಶೌಚಾಲಯದ ಕೀಲಿಕೈ. ಹೊರಗಿನವರು ಬಂದು ಹೊಲಸು ಮಾಡದಿರಲೆಂದು ಅದಕ್ಕೆ ಕೀಲಿ ಹಾಕಿ, ಕೀಲಿಕೈಯನ್ನು ಶಿಕ್ಷಕರ ಕೋಣೆಯ ಮೊಳೆಗೆ ತೂಗುಹಾಕುವ ರೂಢಿ. ಗಂಡಸರು ಕೂತಿರುವ ಕೋಣೆಗೆ ಹೋಗಿ ಅದನ್ನು ಕೇಳಲು ನಾಚಿ ದೊಡ್ಡ ಹುಡುಗಿಯರು ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲ ಎಂದು ಅವಳು ಹೇಳಿದಳು. ಕೀಲಿಕೈ ಇನ್ನು ಮೇಲೆ ಆರೋಗ್ಯ ಮಂತ್ರಿಯ ಹತ್ತಿರ ಇರತಕ್ಕದ್ದು, ಆರೋಗ್ಯ ಮಂತ್ರಿ ಹುಡುಗಿಯೇ ಆಗಿರತಕ್ಕದ್ದು. ಠರಾವು ಪಾಸಾಯಿತು, ನಡಾವಳಿ ಪುಸ್ತಕದಲ್ಲಿ ದಾಖಲಾಯಿತು.

ಕೆಲವು ದಿನಗಳ ಮೇಲೆ ಮಾಸ್ತರೊಬ್ಬರು ಆ ಕೀಲಿಕೈಯನ್ನು ವಾಪಸು ಕೇಳಿದರು. ಹುಡುಗಿ ಹೆದರಿದ್ದಳು, ಆದರೆ ಕೊಡಲಿಲ್ಲ. ‘ಸಭಿಯೊಳಗ ಕೇಳ್ರಿ ಸರ. ಎಲ್ಲಾರೂ ಹೂಂ ಅಂದ್ರ ಕೊಡ್ತೀನಿ’ ಎಂದಳು. ಆ ಮಾಸ್ತರರ ದೊಡ್ಡತನವನ್ನು ನಾನು ಇಂದಿಗೂ ನೆನೆಯುತ್ತೇನೆ: ಅವರು ಶನಿವಾರದ ಸಭೆಗೆ ಬಂದು, ಮಕ್ಕಳ ನಡುವೆ ಕೂತು, ಕೈ ಎತ್ತಿ ಕೇಳಿದರು. ಮಕ್ಕಳು ಚರ್ಚಿಸಿ, ಕೀಲಿಕೈ ಇದ್ದಲ್ಲೇ ಇರಲಿ, ಸಂಜೆ ಮಾತ್ರ ಒಪ್ಪಿಸೋಣ ಎಂದರು. ಅವರು ಒಪ್ಪಿಕೊಂಡರು. ಮುಂದಿನ ಜೂನ್‌ನಲ್ಲಿ ಮೀಸಲು ಇಲ್ಲದ ಸ್ಥಾನಗಳಿಗೂ ಹುಡುಗಿಯರು ನಿಂತರು, ಮತಗಳೂ ಬಿದ್ದವು. ಹುಡುಗಿಯ ಮಾತು ನಡೆಯುವುದನ್ನು ಇಡೀ ಶಾಲೆ ಕಣ್ಣಾರೆ ಕಂಡಿತ್ತು.

ನಾಯಕತ್ವದ ಬಗ್ಗೆ ನನಗೆ ತಿಳಿದದ್ದೆಲ್ಲ ಈ ಒಂದು ಪ್ರಸಂಗದಲ್ಲಿದೆ. ಗೆಲ್ಲುವುದನ್ನು ಕಲಿಸುವುದು ಸುಲಭ. ಎಣಿಕೆ ಮುಗಿದ ಮರುದಿನವೇ ನಿಜವಾದ ಪಾಠ ಶುರು. ಹುಡುಗಿಯ ಕೈಗೆ ಒಂದು ಅಧಿಕಾರ ಕೊಟ್ಟು, ಅವಳು ಅದನ್ನು ಬಳಸಿದಾಗ ದೊಡ್ಡವರು ಅದಕ್ಕೆ ಬದ್ಧರಾಗಬೇಕು. ಹಾರ ಹಾಕಿ, ಚಪ್ಪಾಳೆ ತಟ್ಟಿ, ಪ್ರಮಾಣವಚನ ಬೋಧಿಸಿ, ಆಮೇಲೆ ಎಲ್ಲವನ್ನೂ ನಾವೇ ತೀರ್ಮಾನಿಸಿದರೆ ಮಕ್ಕಳು ಕಲಿಯುವುದು ಆ ದೊಡ್ಡವ್ವ-ದೊಡ್ಡಪ್ಪನ ಪಾಠವನ್ನೇ.

ಸೋತವರಿಗೂ ಪಾಠವಿತ್ತು. ಹೆಚ್ಚು ಮತ ಪಡೆದು ಸೋತವರು ವಿರೋಧ ಪಕ್ಷದ ನಾಯಕರು. ಶನಿವಾರದ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಅವರದು. ನೀರಿನ ತೊಟ್ಟಿ ಯಾಕೆ ತೊಳೆದಿಲ್ಲ? ಊಟದ ಸಾಲಿನಲ್ಲಿ ಸಣ್ಣವರು ಯಾಕೆ ಕೊನೆಗೆ? ಸೋತು ಅತ್ತಿದ್ದ ಹುಡುಗಿಯೊಬ್ಬಳು ಆ ವರ್ಷವೆಲ್ಲ ಮಂತ್ರಿಗಳ ನಿದ್ದೆಗೆಡಿಸಿದಳು. ಸೋಲು ಮನೆಗೆ ಹೋಗಿ ಕೂರುವುದಕ್ಕೆ ಕಾರಣವಲ್ಲ ಎಂಬುದನ್ನು ಹೆಣ್ಣುಮಕ್ಕಳಿಗೆ ಬೇಗ ಹೇಳಬೇಕು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ನಿಂತು ತೀರಾ ಕಡಿಮೆ ಅಂತರದಲ್ಲಿ ಸೋತರು. ಆದರೂ ದೇಶಕ್ಕೆ ಆಕೆ ಮಾಡಿದ ಕೆಲಸ ಎಷ್ಟೋ ಗೆದ್ದವರ ಕೆಲಸಕ್ಕಿಂತ ದೊಡ್ಡದು ಎಂದು ಅವಳಿಗೆ ಹೇಳಿದ್ದೆ.

ಎಲ್ಲ ಮನೆಗಳೂ ಇದನ್ನು ಒಪ್ಪಲಿಲ್ಲ. ‘ಹುಡುಗಿ ಭಾಷಣ ಕಲತು ಏನ್ ಮಾಡೋದೈತ್ರಿ ಅಕ್ಕೋರ, ನಾಳೆ ಕೊಟ್ಟ ಮನಿಯಾಗ ಎದುರುತ್ತರ ಕೊಡ್ತಾಳ’ ಎಂದು ತಂದೆಯೊಬ್ಬರು ಸಂಕಟದಿಂದಲೇ ಹೇಳಿದರು. ಅವರ ಭಯ ನಿಜವಾದದ್ದು. ಅವರಿಗೆ ವಾದದಿಂದ ಉತ್ತರ ಕೊಡುವ ಬದಲು ಶನಿವಾರದ ಸಭೆಗೆ ಬನ್ನಿ ಎಂದೆ. ಬಂದರು. ಮಗಳು ಊಟದ ಲೆಕ್ಕ ಓದುವುದನ್ನು ಬಾಗಿಲಲ್ಲಿ ನಿಂತು ಕೇಳಿ, ‘ಇಷ್ಟ್ ಲೆಕ್ಕಾ ಇಕಿಗೆ ಬರತೈತೇನು!’ ಎಂದರು. ಆ ವರ್ಷ ಹತ್ತಿ ಬಿಡಿಸುವ ಕಾಲದಲ್ಲಿ ಆ ಮನೆಯ ಹುಡುಗಿ ಶಾಲೆ ಬಿಡಲಿಲ್ಲ.

ಮಕ್ಕಳ ಮಾತು ಶಾಲೆಯ ಕಾಂಪೌಂಡಿನಾಚೆಗೂ ನಡೆಯಬೇಕು ಎಂಬುದನ್ನು ನಮ್ಮ ರಾಜ್ಯದಲ್ಲಿ ಮೊದಲೇ ಮಾಡಿ ತೋರಿಸಿದವರಿದ್ದರು. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳೂ ಸೇರಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿಕೊಂಡು, ಕಾಲುಸಂಕ, ಸೌದೆ, ನೀರಿನಂಥ ತಮ್ಮ ಕಷ್ಟಗಳನ್ನು ಹಿರಿಯರ ಪಂಚಾಯಿತಿಯ ಮುಂದೆ ಇಡುತ್ತಿದ್ದರು. ಮುಂದೆ ರಾಜ್ಯದ ಎಲ್ಲ ಕಡೆ ಮಕ್ಕಳ ಗ್ರಾಮಸಭೆಗಳು ಬಂದವು. ನಮ್ಮ ಕಡೆಯೂ ಅಂಥ ಸಭೆಗಳಲ್ಲಿ ಹುಡುಗಿಯರು ಎದ್ದು, ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಬಸ್ಸಿಲ್ಲ, ಸಂಜೆಯ ದಾರಿಯಲ್ಲಿ ದೀಪವಿಲ್ಲ ಎಂದು ಹೇಳುವುದನ್ನು ಕೇಳಿದ್ದೇನೆ. ತನ್ನ ಹೆಸರನ್ನು ಗಟ್ಟಿಯಾಗಿ ಹೇಳಲು ಕಲಿತವಳು ಮೈಕ್ ಮುಂದೆ ತಡವರಿಸುವುದಿಲ್ಲ.

ಒಮ್ಮೆ ಆರನೆಯ ತರಗತಿಯ ಹುಡುಗಿ ಕೇಳಿದಳು: ‘ನಮ್ಮ ಶಾಲಿಗೆ ಹುಡುಗಿ ಮುಖ್ಯಮಂತ್ರಿ ಆದ್ಲು. ನಮ್ಮ ರಾಜ್ಯಕ್ಕ ಯಾವ ಹೆಣ್ಮಗಳು ಆಗ್ಯಾಳ್ರಿ?’ ಕಿತ್ತೂರು ಚೆನ್ನಮ್ಮನ ಹೆಸರನ್ನು ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ಇಂದಿರಾ ಗಾಂಧಿ 1978ರಲ್ಲಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಆರಿಸಿ ಹೋದದ್ದನ್ನು ಅವರ ಅಜ್ಜ-ಅಜ್ಜಿಯರು ಹೇಳುತ್ತಾರೆ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಿಂದ 78ರವರೆಗೆ ನಮ್ಮ ವಿಧಾನಸಭೆಯ ಸ್ಪೀಕರ್ ಆಗಿದ್ದರು ಎಂದು ನಾನು ಹೇಳಿದೆ. ಸುಚೇತಾ ಕೃಪಲಾನಿ 1963ರಲ್ಲೇ ಉತ್ತರ ಪ್ರದೇಶದ ಮುಖ್ಯಮಂತ್ರಿಯಾದರು, ಪಕ್ಕದ ಗೋವೆಯಲ್ಲಿ 1973ರಲ್ಲಿ ಶಶಿಕಲಾ ಕಾಕೋಡ್ಕರ್ ಆದರು. ‘ನಮ್ಮ ರಾಜ್ಯಕ್ಕ?’ ಎಂದು ಅವಳು ಮತ್ತೆ ಕೇಳಿದಳು. ಇನ್ನೂ ಆಗಿಲ್ಲ ಎಂದೆ. ಇಂದು ಅದೇ ಪ್ರಶ್ನೆ ಕೇಳಿದರೂ ಉತ್ತರ ಅದೇ.

2010ರಲ್ಲಿ ಕರ್ನಾಟಕ ಪಂಚಾಯಿತಿಗಳಲ್ಲಿ ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿತು. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆ ಹೊತ್ತಿಗೆ ಹೆಂಗಸರ ಹೆಸರಿನ ಕರಪತ್ರ ಯಾವ ಓಣಿಯಲ್ಲೂ ಹೊಸದಾಗಿರಲಿಲ್ಲ. ಆದರೆ 2023ರಲ್ಲಿ ವಿಧಾನಸಭೆಯ 224 ಸ್ಥಾನಗಳಿಗೆ ಆರಿಸಿ ಹೋದ ಮಹಿಳೆಯರು 10 ಜನ. ಅದೇ ವರ್ಷ ಸಂಸತ್ತು ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಪಾಲು ಮೀಸಲಿಡುವ 106ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಜಾರಿಯನ್ನು ಜನಗಣತಿಗೂ ಕ್ಷೇತ್ರ ಮರುವಿಂಗಡಣೆಗೂ ಜೋಡಿಸಿತು. ಆ ಸ್ಥಾನಗಳು ತೆರೆದಾಗ ನಿಲ್ಲಬೇಕಾದವರು ಇಂದು ಯಾವುದೋ ಕನ್ನಡ ಶಾಲೆಯ ಐದನೆಯ, ಆರನೆಯ ತರಗತಿಯಲ್ಲಿ ಕೂತಿದ್ದಾರೆ.

ಕೀಲಿಕೈ ಕೊಡದ ಆ ಹುಡುಗಿ ಮದುವೆಯಾಗಿ ಹಾನಗಲ್ ಕಡೆ ಹೋದಳು. ಯಾವ ಚುನಾವಣೆಗೂ ಅವಳು ನಿಂತಿಲ್ಲ. ಆದರೆ ಮಗಳ ಶಾಲೆಯ ಅಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಗಂಡನನ್ನು ಕಳಿಸದೆ ತಾನೇ ಹೋಗುತ್ತಾಳೆ, ನಡಾವಳಿ ಪುಸ್ತಕವನ್ನು ಪೂರ್ತಿ ಓದದೆ ರುಜು ಮಾಡುವುದಿಲ್ಲ ಎಂದು ಒಮ್ಮೆ ಸವಣೂರು ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಹೇಳಿದಳು. ನಾನು ಕಲಿಸಿದ ಪಾಠಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಇದು.

ಈಗ ಹೆಚ್ಚು ಕಡೆ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಮೊಬೈಲಿನಲ್ಲಿ ಮತಯಂತ್ರದಂತೆ ಕಾಣುವ ಆ್ಯಪ್ ಹಾಕಿ, ಗುಂಡಿ ಒತ್ತಿದಾಗ ಬರುವ ಸದ್ದಿಗೆ ಮಕ್ಕಳು ಸಂಭ್ರಮಿಸುತ್ತಾರೆ. ಒಳ್ಳೆಯದೇ. ಶಿಕ್ಷಕ ಬಂಧುಗಳಲ್ಲಿ, ತಾಯಿ-ತಂದೆಯರಲ್ಲಿ ನಾನು ಕೇಳಿಕೊಳ್ಳುವುದು ಆ ಸಂಭ್ರಮ ಮುಗಿದ ಮೇಲಿನ ಕೆಲಸವನ್ನು. ಗೆದ್ದ ಹುಡುಗಿಯ ಹೆಸರನ್ನು ಅವಳಿಂದಲೇ ಹೇಳಿಸಿ. ಊಟದ್ದೋ, ನೀರಿನದೋ, ಪುಸ್ತಕದ ಕಪಾಟಿನದೋ, ಒಂದು ತೀರ್ಮಾನವನ್ನು ಪೂರ್ತಿಯಾಗಿ ಅವಳ ಸಭೆಗೆ ಬಿಡಿ. ಅದನ್ನು ಪುಸ್ತಕದಲ್ಲಿ ಬರೆಸಿ. ಬದಲಿಸಬೇಕೆನಿಸಿದರೆ ಅವಳ ಸಭೆಗೆ ಬಂದು, ಕೈ ಎತ್ತಿ, ಕೇಳಿ. ಅವಳ ತೀರ್ಮಾನವನ್ನು ಮಕ್ಕಳಿಗಿಂತ ಮೊದಲು ನಾವು ಪಾಲಿಸಿದರೆ, ‘ಮೆಂಬರ್ ಯಾರು?’ ಎಂದು ಮುಂದೆ ಯಾರಾದರೂ ಕೇಳಿದಾಗ ಆ ತರಗತಿಯ ಮಕ್ಕಳು ಆರಿಸಿ ಬಂದವಳ ಹೆಸರನ್ನೇ ಹೇಳುತ್ತಾರೆ.